ಸೂಟು ದುಬಾರಿಯಾದಷ್ಟೂ ಬಾಳಿಕೆ ಹೆಚ್ಚೇ? ದಾಂಡೇಲಿ, ಜೋಯಿಡಾದ ಮಳೆಗೆ ಕೊಡೆ ಹಿಡಿಯುವ ಮುನ್ನ ಇದನ್ನು ಓದಿ

‘ಸೂಪರ್ 150 ಸೂಟ್ ಪೀಸ್, ಜೀವನಪರ್ಯಂತ ಬಾಳಿಕೆ, ಇವತ್ತು ಮಾತ್ರ ಅರ್ಧ ಬೆಲೆ.’ ‘ಕೋಟು ಹಾಕಿದ ಪ್ರತಿ ಸಲ ಡ್ರೈಕ್ಲೀನ್ ಮಾಡಿಸದಿದ್ದರೆ ಹಾಳಾಗುತ್ತದೆ.’ ‘ಬೀರುವಿನಲ್ಲಿ ನಾಲ್ಕು ನುಸಿ ಗುಳಿಗೆ ಹಾಕಿ, ಬೂಸ್ಟು ಹತ್ತಿರ ಸುಳಿಯುವುದಿಲ್ಲ.’ ಇಂಥ ಸಂದೇಶಗಳು ಮದುವೆ ಸೀಸನ್ನಿನಲ್ಲಿ ಮತ್ತು ಕಾಲೇಜುಗಳಿಗೆ ಕಂಪನಿಗಳು ಬರುವ ತಿಂಗಳುಗಳಲ್ಲಿ ಹೆಚ್ಚು ಹರಿದಾಡುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಒಂದಂತೂ ಎಳೆಗೂಸು ಇರುವ ಮನೆಯಲ್ಲಿ ಅಪಾಯಕಾರಿ.

ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡವನ್ನು ಮುಂದಿಟ್ಟುಕೊಂಡು ನಾವು ಈ ವಿಷಯ ಬರೆಯುತ್ತಿದ್ದೇವೆ. ಅಲ್ಲಿ ಸೂಟು ಹಾಕುವವರು ಯಾರು ಎಂದು ಕೇಳಬಹುದು. ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂದರ್ಶನಕ್ಕೆ ನಿಲ್ಲುವ ಹುಡುಗ ಹುಡುಗಿಯರು, ಕೋರ್ಟಿಗೆ ದಿನವೂ ಕರಿ ಕೋಟು ತೊಡುವ ವಕೀಲರು, ದಾಂಡೇಲಿಯ ಕಾಗದ ಕಾರ್ಖಾನೆಯ ಅಧಿಕಾರಿಗಳು, ರೆಸಾರ್ಟುಗಳ ಸ್ವಾಗತ ಮೇಜಿನವರು, ಬ್ಯಾಂಕಿನವರು. ಸಂಖ್ಯೆ ದೊಡ್ಡದಲ್ಲ. ಆದರೆ ಇವರಲ್ಲಿ ಬಹಳ ಮಂದಿಗೆ ಅದು ಜೀವನದ ಮೊದಲ ಕೋಟು. ಅದಕ್ಕೆ ಹೋಗುವುದು ಅಪ್ಪ ಅಮ್ಮನ ಒಂದು ತಿಂಗಳ ದುಡಿಮೆ. ಹುಬ್ಬಳ್ಳಿಗೋ ಧಾರವಾಡಕ್ಕೋ ಬಸ್ಸಿನಲ್ಲಿ ಹೋಗಿ ತಂದ ಆ ಕೋಟು ಒಂದೇ ಮಳೆಗಾಲದಲ್ಲಿ ಗುಳ್ಳೆ ಎದ್ದರೆ ಮತ್ತೊಂದು ತರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಗುಳ್ಳೆ ಏಳುವುದು ಎಂದರೇನು?

ಇಲ್ಲಿಂದಲೇ ಶುರು ಮಾಡೋಣ, ಏಕೆಂದರೆ ನಮ್ಮ ಬಳಗದಲ್ಲೇ ಒಬ್ಬರಿಗೆ ಇದು ಆಗಿದೆ. ಅವರು ಮೊದಲ ಕೆಲಸಕ್ಕೆಂದು ಒಂದು ರೆಡಿಮೇಡ್ ಕೋಟು ಕೊಂಡರು. ಒಮ್ಮೆ ಮಳೆಯಲ್ಲಿ ನೆನೆಯಿತು, ಎರಡು ಸಲ ಇಸ್ತ್ರಿ ಅಂಗಡಿಗೆ ಹೋಗಿ ಬಂತು. ಆಮೇಲೆ ಎದೆಯ ಭಾಗದಲ್ಲಿ ಬಟ್ಟೆ ಅಲ್ಲಲ್ಲಿ ಉಬ್ಬಿ, ಹಪ್ಪಳ ಸುಟ್ಟಂತೆ ಕಾಣತೊಡಗಿತು. ಅಂಗಡಿಯವರು ‘ನೀವು ನೆನೆಸಿದ್ದೇ ತಪ್ಪು’ ಎಂದರು. ಜುಲೈ ತಿಂಗಳಲ್ಲಿ, ಅದೂ ಘಟ್ಟದಲ್ಲಿ!

ಕೋಟಿನ ಎದೆ ಭಾಗ ಗಟ್ಟಿಯಾಗಿ ನಿಲ್ಲಲು ಹೊರಗಿನ ಬಟ್ಟೆಗೂ ಒಳಗಿನ ಅಸ್ತರಕ್ಕೂ ನಡುವೆ ಇನ್ನೊಂದು ಪದರ ಬೇಕು. ಹಳೆಯ ಪದ್ಧತಿಯಲ್ಲಿ ಅದನ್ನು ಸೂಜಿ ನೂಲಿನಿಂದ ಹೊಲಿಯುತ್ತಿದ್ದರು, ಇದೇ ಕ್ಯಾನ್ವಾಸ್ ಕೋಟು. ಈಗ ಅಗ್ಗದ ಮತ್ತು ಮಧ್ಯಮ ಬೆಲೆಯ ಬಹುತೇಕ ಕೋಟುಗಳಲ್ಲಿ ಆ ಪದರದ ಒಂದು ಬದಿಗೆ ಅಂಟು ಇರುತ್ತದೆ. ಬಿಸಿ ಮತ್ತು ಒತ್ತಡ ಕೊಟ್ಟು ಅದನ್ನು ಬಟ್ಟೆಗೆ ಅಂಟಿಸುತ್ತಾರೆ. ಟೇಲರುಗಳು ಇದನ್ನು ಫ್ಯೂಸಿಂಗ್ ಎನ್ನುತ್ತಾರೆ. ಅಂಟು ಚೆನ್ನಾಗಿದ್ದು ಸರಿಯಾದ ಯಂತ್ರದಲ್ಲಿ ಅಂಟಿಸಿದ್ದರೆ ವರ್ಷಗಟ್ಟಲೆ ಏನೂ ಆಗದು. ಕಳಪೆ ಅಂಟಾದರೆ ನೀರು, ಬೆವರು, ಡ್ರೈಕ್ಲೀನಿನ ದ್ರಾವಕ, ಸುಡುವ ಇಸ್ತ್ರಿ ಎಲ್ಲ ಸೇರಿ ಅಂಟು ಬಿಡುತ್ತದೆ. ಅಂಟು ಬಿಟ್ಟ ಕಡೆ ಗಾಳಿ ಸೇರಿದಂತೆ ಗುಳ್ಳೆ ಏಳುತ್ತದೆ. ಒಮ್ಮೆ ಎದ್ದರೆ ಅದನ್ನು ಮೊದಲಿನಂತೆ ಮಾಡುವುದು ಬಹುತೇಕ ಸಾಧ್ಯವಿಲ್ಲ.

ಹಾಗಾದರೆ ಅಂಗಡಿಯಲ್ಲಿ ನಿಂತು ಪತ್ತೆ ಹಚ್ಚುವುದು ಹೇಗೆ? ಕೋಟಿನ ಕೆಳಗಿನ ಗುಂಡಿಯ ಬಳಿ ಹೊರಬಟ್ಟೆಯನ್ನು ಒಂದು ಕೈಯಲ್ಲಿ, ಒಳಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಚಿವುಟಿ ಹಿಡಿದು ಮೆಲ್ಲಗೆ ಬೇರೆ ಬೇರೆ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರಿದ ಅನುಭವವಾದರೆ ಕ್ಯಾನ್ವಾಸ್ ಇದೆ. ಹೊರಬಟ್ಟೆಯೇ ರಟ್ಟಿನಂತೆ ದಪ್ಪಗಿದ್ದರೆ ಅಂಟಿಸಿದ್ದು. ಎದೆಯ ಭಾಗಕ್ಕೆ ಮಾತ್ರ ಕ್ಯಾನ್ವಾಸ್ ಹಾಕುವ ಅರ್ಧ ಕ್ಯಾನ್ವಾಸ್ ಕೋಟುಗಳೂ ಇವೆ, ಆದ್ದರಿಂದ ಮೇಲುಗಡೆಯೂ ಚಿವುಟಿ ನೋಡಿ. ಅಂಟಿಸಿದ್ದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ನಮ್ಮ ಕೈಗೆಟುಕುವ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ಅದೇ. ಆದರೆ ಅದಕ್ಕೆ ‘ಜೀವನಪರ್ಯಂತ’ ಎಂಬ ಮಾತು ಹೊಂದುವುದಿಲ್ಲ.

‘ಸೂಪರ್ 150’ ಎಂದರೆ ಸೂಪರ್ ಬಾಳಿಕೆಯೇ?

ಅಲ್ಲ, ಹೆಚ್ಚುಕಡಿಮೆ ತಿರುವುಮುರುವು. ಈ ಸಂಖ್ಯೆ ಹೇಳುವುದು ಉಣ್ಣೆಯ ಎಳೆ ಎಷ್ಟು ತೆಳು ಎಂಬುದನ್ನು ಮಾತ್ರ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಘಟನೆಯ ನಿಯಮದಂತೆ ಸೂಪರ್ 100 ಎನ್ನಬೇಕಾದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ ಮೀರಬಾರದು. ಸೂಪರ್ 120ಕ್ಕೆ 17.75, ಸೂಪರ್ 150ಕ್ಕೆ 16.25 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಳೆ ತೆಳುವಾದಷ್ಟೂ ಬಟ್ಟೆ ಮೃದು, ನುಣುಪು, ದುಬಾರಿ. ಜೊತೆಗೆ ಉಜ್ಜಿದರೆ ಬೇಗ ಸವೆಯುತ್ತದೆ, ಸುಕ್ಕು ಸುಲಭವಾಗಿ ಬೀಳುತ್ತದೆ.

ಇದನ್ನು ಅರಿಯಲು ನಮ್ಮ ಊರಿನ ಕಂಬಳಿ ಸಾಕು. ಮಲೆನಾಡಿನ ಗದ್ದೆಗಳಲ್ಲಿ ಮಳೆಗೆ ಕೊಪ್ಪೆ ಹಾಕುತ್ತಿದ್ದ ಕಂಬಳಿ ಕೂಡ ಉಣ್ಣೆಯೇ. ದಕ್ಖನಿ ಕುರಿಯ ಆ ಎಳೆ ಸೂಟಿನ ಮೆರಿನೊ ಉಣ್ಣೆಗಿಂತ ಬಹಳ ದಪ್ಪ. ಮೈಗೆ ಚುಚ್ಚುತ್ತದೆ, ಆದರೆ ಅಜ್ಜನ ಕಂಬಳಿ ಮೊಮ್ಮಗನಿಗೂ ಬರುತ್ತದೆ. ಸೂಪರ್ 150 ಅದರ ಎದುರು ತುದಿ. ಬಸ್ಸಿನ ಸೀಟಿಗೆ, ಬೈಕಿಗೆ, ಕೋರ್ಟಿನ ಮರದ ಬೆಂಚಿಗೆ ದಿನವೂ ಉಜ್ಜುವವರಿಗೆ ಉಣ್ಣೆಯೇ ಬೇಕೆಂದರೆ ಸೂಪರ್ 100ರ ಆಸುಪಾಸು ಸಾಕು.

ಇನ್ನೊಂದು ತಮಾಷೆ ಇದೆ. ಈ ‘ಸೂಪರ್’ ಪದ ಉಣ್ಣೆಯ ಬಟ್ಟೆಗೆ ಮೀಸಲಾದದ್ದು. ನಮ್ಮ ಪೇಟೆಯಲ್ಲಿ ಒಂದೆಳೆ ಉಣ್ಣೆಯೂ ಇಲ್ಲದ ಪಾಲಿಯೆಸ್ಟರ್ ಬಟ್ಟೆಯ ಅಂಚಿನಲ್ಲೂ ಅದು ಹೊಳೆಯುತ್ತಿರುತ್ತದೆ. ಅಲ್ಲಿ ಆ ಸಂಖ್ಯೆಗೆ ಅರ್ಥವೇ ಇಲ್ಲ. ರಸ್ತೆ ಬದಿ ಬೈಕ್ ನಿಲ್ಲಿಸಿ ‘ಎಕ್ಸ್‌ಪೋರ್ಟ್ ಮಾಲು, ಉಳಿದದ್ದು ಎರಡೇ ಪೀಸು’ ಎಂದು ಮಾರುವವರ ಬಟ್ಟೆಯ ಅಂಚಿನಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೂ ಅಷ್ಟೇ. ಅಂಚಿನ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು.

ಹಾಗಾದರೆ ಬಟ್ಟೆಯಲ್ಲಿ ನಿಜವಾಗಿ ಇರುವುದೇನು?

ಅಂಗಡಿಯಲ್ಲಿ ‘ಟಿ.ಆರ್.’ ಎಂದರೆ ಟೆರಿಲಿನ್ ಮತ್ತು ರೇಯಾನ್, ಅಂದರೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರಕೆ. ‘ಟೆರಿವುಲ್’ ಎಂದರೆ ಪಾಲಿಯೆಸ್ಟರ್ ಮತ್ತು ಉಣ್ಣೆ. ಟೆರಿಲಿನ್ ಎಂಬುದು ಪಾಲಿಯೆಸ್ಟರಿಗೆ ಮೊದಲು ಇಟ್ಟ ವ್ಯಾಪಾರಿ ಹೆಸರು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಅದನ್ನು ರೂಪಿಸಿದರು. ಎಂಬತ್ತು ವರ್ಷ ಕಳೆದರೂ ನಮ್ಮ ಬಟ್ಟೆ ಅಂಗಡಿಗಳಲ್ಲಿ ಆ ಹೆಸರು ಹೋಗಿಲ್ಲ.

ವಿಸ್ಕೋಸ್ ದಾಂಡೇಲಿಯವರಿಗೆ ದೂರದ ನೆಂಟ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಲ್ಲಿ ಬಿದಿರು, ಮರಗಳ ತಿರುಳು ಕಾಗದವಾಗುತ್ತದೆ. ಅದೇ ಬಗೆಯ ಮರದ ತಿರುಳನ್ನು ಇನ್ನಷ್ಟು ಶುದ್ಧ ಮಾಡಿ, ಕರಗಿಸಿ, ಸಣ್ಣ ರಂಧ್ರಗಳಿಂದ ಎಳೆಯಾಗಿ ಹೊರಬಿಟ್ಟರೆ ವಿಸ್ಕೋಸ್. ಅದಕ್ಕೆ ಬೇಕಾದ ತಿರುಳು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲೇ ತಯಾರಾಗುತ್ತ ಬಂದಿದೆ. ವಿಸ್ಕೋಸ್ ಬೆವರು ಹೀರುತ್ತದೆ, ಮೈಗೆ ಹಿತ. ಕಾಗದದ ನೆಂಟನಾದ್ದರಿಂದ ಒಂದು ದೌರ್ಬಲ್ಯವೂ ಇದೆ: ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಕುಗ್ಗಬಹುದು. ಪಾಲಿಯೆಸ್ಟರ್ ಒದ್ದೆಯಾದರೂ ಬಲ ಕಳೆದುಕೊಳ್ಳುವುದಿಲ್ಲ, ಸುಕ್ಕು ಬೀಳುವುದು ಕಡಿಮೆ, ಹುಳ ತಿನ್ನುವುದಿಲ್ಲ. ಆದರೆ ಅದು ಹೀರುವ ತೇವ ತನ್ನ ತೂಕದ ಶೇ 0.4ರಷ್ಟು ಮಾತ್ರ. ಹತ್ತಿಗೆ ಈ ಅಂಕಿ ಶೇ 8ರ ಆಸುಪಾಸು, ಉಣ್ಣೆಗೆ ಶೇ 16ರಷ್ಟು. ಏಪ್ರಿಲ್ ತಿಂಗಳಲ್ಲಿ ಹಳಿಯಾಳದ ಬಸ್ ನಿಲ್ದಾಣದಲ್ಲಿ ಪೂರ್ತಿ ಪಾಲಿಯೆಸ್ಟರ್ ಕೋಟು ತೊಟ್ಟು ನಿಂತರೆ ಬೆವರು ಎಲ್ಲಿಗೂ ಹೋಗದು, ವಾಸನೆ ಮಾತ್ರ ಉಳಿಯುತ್ತದೆ.

ಹೀಗಾಗಿ ಈ ಭಾಗದ ಹವೆಗೆ ಪೂರ್ತಿ ಉಣ್ಣೆಯೂ ಅಲ್ಲ, ಪೂರ್ತಿ ಪಾಲಿಯೆಸ್ಟರೂ ಅಲ್ಲ, ಬೆರಕೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಟೆರಿವುಲ್, ಇಲ್ಲದಿದ್ದರೆ ಒಳ್ಳೆಯ ಟಿ.ಆರ್. ಕೋಟಿಗೆ ಪೂರ್ತಿ ಅಸ್ತರದ ಬದಲು ಬೆನ್ನಿನ ಮೇಲ್ಭಾಗ ಮತ್ತು ತೋಳಿಗೆ ಮಾತ್ರ ಅಸ್ತರ ಹಾಕಿಸಿದರೆ ಸೆಖೆ ಕಡಿಮೆ. ಅಸ್ತರ ಸಾಮಾನ್ಯವಾಗಿ ಪಾಲಿಯೆಸ್ಟರೇ, ಹೊರಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಒಳಗೆ ಪ್ಲಾಸ್ಟಿಕ್ ಚೀಲ ತೊಟ್ಟಂತೆ.

ಬಟ್ಟೆಯಲ್ಲಿ ಯಾವ ನಾರು ಶೇಕಡಾ ಎಷ್ಟಿದೆ ಎಂದು ತಯಾರಕರು ನಮೂದಿಸಬೇಕೆಂದು 1988ರ ಜವಳಿ (ಗ್ರಾಹಕ ರಕ್ಷಣೆ) ನಿಯಮಗಳೇ ಹೇಳುತ್ತವೆ. ಆದ್ದರಿಂದ ‘ಇದರಲ್ಲಿ ಏನೇನು ಎಷ್ಟೆಷ್ಟಿದೆ?’ ಎಂದು ಕೇಳುವುದು ಕಿರಿಕಿರಿಯಲ್ಲ, ನಿಮ್ಮ ಹಕ್ಕು. ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬೆಂಕಿ ಪರೀಕ್ಷೆ ನಂಬಬಹುದೇ?

ಸ್ವಲ್ಪ ಮಟ್ಟಿಗೆ. ಹೊಲಿಗೆಯ ಒಳಗಿನ ಒಂದೆರಡು ನೂಲು ಕಿತ್ತು, ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು ಕಿಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ಬಟ್ಟೆಯಲ್ಲಿ ಎರಡೂ ಲಕ್ಷಣ ಬೆರೆತು ಬರುವುದರಿಂದ ‘ಶೇ 45 ಉಣ್ಣೆ ಇದೆಯೇ, ಶೇ 10 ಇದೆಯೇ’ ಎಂದು ಮನೆಯಲ್ಲಿ ಹೇಳಲಾಗದು. ಕರಗಿದ ಹನಿ ಚರ್ಮಕ್ಕೆ ಬಿದ್ದರೆ ಆಳವಾಗಿ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಚಳಿಗಾಲಕ್ಕೆ ಕೊಳ್ಳುವ ಅಗ್ಗದ ‘ಉಣ್ಣೆ’ ಸ್ವೆಟರಿಗೂ ಇದೇ ಪರೀಕ್ಷೆ ಮಾಡಬಹುದು. ಅವುಗಳಲ್ಲಿ ಬಹಳಷ್ಟು ಅಕ್ರಿಲಿಕ್, ಅದೂ ಕರಗಿ ಗಂಟಾಗುವ ಜಾತಿ.

ಮಳೆಗಾಲ: ಸೂಟಿನ ನಿಜವಾದ ಶತ್ರು

ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಪೂರ್ವಕ್ಕೆ ಬಂದಂತೆ, ಮುಂಡಗೋಡದ ಕಡೆ, ಮಳೆ ಇಳಿಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೂ ಕಡೆ ಬೀರುವಿನ ಬಾಗಿಲು ತೆಗೆದರೆ ಒಂದೇ ವಾಸನೆ. ಗಾಳಿಯಲ್ಲಿ ತೇವಾಂಶ ಶೇ 70 ದಾಟಿ ಬಹುಕಾಲ ನಿಂತರೆ ಬೂಸ್ಟು ಬೆಳೆಯಲು ಅನುಕೂಲ. ಅದಕ್ಕೆ ತಿನ್ನಲು ಉಣ್ಣೆಯೇ ಬೇಕಿಲ್ಲ. ಕೊರಳಪಟ್ಟಿಯ ಬೆವರು, ತೋಳಿಗೆ ಸಿಡಿದ ಸಾರು, ಬಟ್ಟೆಗೆ ಹಾಕಿದ ಗಂಜಿ ಸಾಕು. ಪಾಲಿಯೆಸ್ಟರ್ ಕೋಟಿಗೂ ಬೂಸ್ಟು ಬರುವುದು ಇದರಿಂದಲೇ.

ಇಲ್ಲಿ ನುಸಿ ಗುಳಿಗೆಯ ಸಂದೇಶಕ್ಕೆ ಬರೋಣ. ಬಿಳಿ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಉಣ್ಣೆ ತಿನ್ನುವ ನುಸಿಯ ಮರಿಹುಳವನ್ನು ತಡೆಯುತ್ತದೆ, ಅದೂ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ದಟ್ಟವಾಗಿದ್ದಾಗ. ಗಾಳಿಯ ತೇವವನ್ನು ಅದು ಹೀರುವುದಿಲ್ಲ, ಆದ್ದರಿಂದ ಬೂಸ್ಟಿಗೆ ಅದು ಮದ್ದಲ್ಲ. ಪಾಲಿಯೆಸ್ಟರ್–ವಿಸ್ಕೋಸ್ ಕೋಟನ್ನು ನುಸಿ ತಿನ್ನುವುದೂ ಇಲ್ಲ. ಅಂದರೆ ಟಿ.ಆರ್. ಸೂಟು ಇಟ್ಟ ಬೀರುವಿಗೆ ನುಸಿ ಗುಳಿಗೆ ಹಾಕಿದರೆ ಸಿಗುವುದು ವಾಸನೆ ಮಾತ್ರ.

ವಾಸನೆಯಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಕೆಲವರಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಭಾರತದ ಹಲವು ಸಮುದಾಯಗಳಲ್ಲಿ ಇದು ಅಪರೂಪವೇನಲ್ಲ, ಬಹುತೇಕರಿಗೆ ತಮಗೆ ಇದೆ ಎಂದೇ ಗೊತ್ತಿರುವುದಿಲ್ಲ. ಅಂಥವರ ದೇಹಕ್ಕೆ ನ್ಯಾಫ್ತಲೀನ್ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ನುಸಿ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ, ಹೊದಿಕೆಗಳಿಂದ ನವಜಾತ ಶಿಶುಗಳಿಗೆ ತೀವ್ರ ಕಾಮಾಲೆ ಆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ನಮ್ಮಲ್ಲಿ ಅಪ್ಪನ ಕೋಟು, ಕೂಸಿನ ದುಪ್ಪಟಿ ಎರಡೂ ಒಂದೇ ಬೀರುವಿನಲ್ಲಿರುವುದು ಸಾಮಾನ್ಯ. ಕೂಸು ಇರುವ ಮನೆಯಲ್ಲಿ ನುಸಿ ಗುಳಿಗೆ ಬೇಡವೇ ಬೇಡ. ಗುಳಿಗೆಯನ್ನು ಪೆಪ್ಪರ್‌ಮಿಂಟ್ ಎಂದುಕೊಂಡು ಮಗು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ‘ಹಾಲು ಕುಡಿಸಿ’ ಎಂಬ ಫಾರ್ವರ್ಡ್ ನಂಬಬೇಡಿ.

ಬೂಸ್ಟಿಗೆ ಏನು ಮಾಡಬೇಕು? ಮಳೆಗಾಲ ಹಿಡಿಯುವ ಮುನ್ನ ಕೋಟನ್ನು ಸ್ವಚ್ಛ ಮಾಡಿಸಿ, ಪೂರ್ತಿ ಒಣಗಿಸಿ ಇಡಿ. ಡ್ರೈಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಕವರನ್ನು ತೆಗೆದುಹಾಕಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಬದಲಿಗೆ ಹಳೆಯ ಹತ್ತಿ ಪಂಚೆಯನ್ನು ಮೇಲೆ ಹೊದಿಸಿ. ಗೋಡೆಗೆ ತಾಗಿಸದೆ, ಬಟ್ಟೆಗಳ ನಡುವೆ ಗಾಳಿ ಆಡುವಂತೆ ತೂಗುಹಾಕಿ. ಬಿಸಿಲು ಕಂಡ ದಿನ ಹೊರಗೆ ನೆರಳಲ್ಲಿ ಒಂದು ತಾಸು ಆರಿಸಿ. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ, ಅವು ತೇವ ಹೀರುತ್ತವೆ. ಆದರೆ ಒಂದೆರಡು ಪೊಟ್ಟಣ ಇಡೀ ಬೀರುವಿಗೆ ಸಾಲದು, ಮುಚ್ಚಿದ ಸಣ್ಣ ಪೆಟ್ಟಿಗೆಗಾದರೆ ಸರಿ. ಬೀರುವಿನೊಳಗೆ ಬಲ್ಬು ಹಚ್ಚಿಡುವ ಹಳೆಯ ಉಪಾಯ ಬಿಡಿ: ಹಳೆಯ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ, ಎಲ್‌ಇಡಿಯಾದರೆ ಅಷ್ಟು ಬಿಸಿಯೇ ಬರುವುದಿಲ್ಲ.

ಈಗಾಗಲೇ ಬೂಸ್ಟು ಬಂದಿದ್ದರೆ ಮನೆಯೊಳಗೆ ಕೊಡವಬೇಡಿ. ಉಬ್ಬಸ ಇರುವವರಿಗೆ ಆ ಪುಡಿ ತೊಂದರೆ ಕೊಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಲ್ಲಿ ಒಣ ಬ್ರಷ್‌ನಿಂದ ತೆಗೆದು ಆಮೇಲೆ ಅಂಗಡಿಗೆ ಕೊಡಿ.

ಪ್ರತಿ ಸಲ ಡ್ರೈಕ್ಲೀನ್ ಬೇಕೇ?

ಬೇಡ. ‘ಡ್ರೈ’ ಎಂದರೆ ನೀರಿಲ್ಲ ಎಂದಷ್ಟೇ ಅರ್ಥ, ದ್ರಾವಕದಲ್ಲಿ ಮುಳುಗಿಸಿಯೇ ತೊಳೆಯುತ್ತಾರೆ. ಜಗತ್ತಿನೆಲ್ಲೆಡೆ ಬಹುಕಾಲ ಬಳಸಿದ ಪರ್‌ಕ್ಲೋರೋಎಥಿಲೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್ ಕಾರಕ’ ಗುಂಪಿನಲ್ಲಿಟ್ಟಿದೆ. ಹೆಚ್ಚಿನ ಅಪಾಯ ದಿನವಿಡೀ ಅಲ್ಲಿ ಕೆಲಸ ಮಾಡುವವರಿಗೆ, ವರ್ಷಕ್ಕೆ ಎರಡು ಸಲ ಕೋಟು ಕೊಡುವ ನಿಮಗಲ್ಲ. ಆದರೂ ಮನೆಗೆ ತಂದ ಮೇಲೆ ಗಾಳಿಗೆ ಬಿಟ್ಟು ತೊಡಿ. ಪದೇ ಪದೇ ಡ್ರೈಕ್ಲೀನ್ ಮಾಡಿಸಿದರೆ ಫ್ಯೂಸಿಂಗ್ ಅಂಟಿಗೂ ಪೆಟ್ಟು. ತೊಟ್ಟು ಬಂದ ಮೇಲೆ ಅಗಲ ಭುಜದ ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಯಲ್ಲಿ ಆರಿಸಿ, ಧೂಳು ಬ್ರಷ್ ಮಾಡಿದರೆ ಸಾಕು. ಇಸ್ತ್ರಿಯವರಿಗೆ ‘ಮೇಲೆ ಬಟ್ಟೆ ಹಾಕಿ ಮಾಡಿ’ ಎಂದು ಹೇಳಿ. ಮೊಣಕೈ, ಹಿಂಭಾಗ ಕನ್ನಡಿಯಂತೆ ಹೊಳೆಯುವುದು ನೇರ ಬಿಸಿ ಇಸ್ತ್ರಿಯಿಂದ ಮತ್ತು ಉಜ್ಜುವುದರಿಂದ.

ಮೊದಲು ಹೋಗುವುದು ಪ್ಯಾಂಟು

ಇದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಕೋಟು ಕುರ್ಚಿಯ ಬೆನ್ನಿಗೆ ತೂಗುತ್ತಿರುತ್ತದೆ, ಪ್ಯಾಂಟು ಬೈಕಿನ ಸೀಟಿನ ಮೇಲಿರುತ್ತದೆ. ತೊಡೆಯ ಒಳಭಾಗ ಸವೆದು ಹೋದ ದಿನ ಸೂಟು ಮುಗಿಯಿತು, ಕೋಟು ಎಷ್ಟೇ ಹೊಸದಿರಲಿ. ಆದ್ದರಿಂದ ಒಂದೇ ಥಾನಿನಿಂದ ಒಂದು ಕೋಟು, ಎರಡು ಪ್ಯಾಂಟು ಹೊಲಿಸಿಕೊಳ್ಳಿ. ಅಗಲ ಪನ್ನದ ಬಟ್ಟೆಯಲ್ಲಿ ಒಂದು ಕೋಟು, ಒಂದು ಪ್ಯಾಂಟಿಗೆ ಸುಮಾರು ಮೂರು–ಮೂರೂಕಾಲು ಮೀಟರ್ ಬೇಕು, ಇನ್ನೊಂದು ಪ್ಯಾಂಟಿಗೆ ಒಂದೂಕಾಲು ಮೀಟರ್ ಹೆಚ್ಚು. ಸೊಂಟದ ಹಿಂದೆ, ತೊಡೆಯ ಬಳಿ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡಲು ಟೇಲರಿಗೆ ಹೇಳಿ. ಇಪ್ಪತ್ತೆರಡರ ಹುಡುಗ ಇಪ್ಪತ್ತೈದಕ್ಕೆ ಅದೇ ಅಳತೆಯಲ್ಲಿರುವುದಿಲ್ಲ. ಹೆಣ್ಣುಮಕ್ಕಳ ರೆಡಿಮೇಡ್ ಬ್ಲೇಜರುಗಳಲ್ಲಿ ಇದೇ ದೊಡ್ಡ ಕೊರತೆ: ಒಳಗೆ ಬಿಚ್ಚಲು ಬಟ್ಟೆಯೇ ಇರುವುದಿಲ್ಲ, ಜೇಬು ಬರೀ ತೋರಿಕೆಗೆ.

ತೆರಿಗೆಯಲ್ಲೂ ಹೊಲಿಸುವವರಿಗೆ ಅನುಕೂಲವಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ರೆಡಿಮೇಡ್ ಉಡುಪಿಗೆ ಶೇ 18 ಜಿಎಸ್‌ಟಿ ಇದೆ. ಥಾನಿನ ಬಟ್ಟೆಗೆ ಶೇ 5.

ಇನ್ನು ಲೆಕ್ಕ. 18,000 ರೂಪಾಯಿಯ ಸೂಟನ್ನು ವರ್ಷಕ್ಕೆ ನಾಲ್ಕು ಸಲದಂತೆ ಐದು ವರ್ಷ ತೊಟ್ಟರೆ ಒಂದು ಸಲಕ್ಕೆ 900 ರೂಪಾಯಿ ಬಿತ್ತು. 4,500 ರೂಪಾಯಿಯ ಕಡುನೀಲಿ ಬ್ಲೇಜರನ್ನು ವರ್ಷಕ್ಕೆ ಹತ್ತು ಸಲದಂತೆ ಐದು ವರ್ಷ ತೊಟ್ಟರೆ ಸಲಕ್ಕೆ 90. ಬ್ಲೇಜರಿಗೆ ಬೂದು ಬಣ್ಣದ ಯಾವ ಪ್ಯಾಂಟೂ ಆಗುತ್ತದೆ, ಪ್ಯಾಂಟು ಹೋದರೆ ಬೇರೆ ಹೊಲಿಸಬಹುದು. ದಾಂಡೇಲಿಯ ಬ್ಯಾಂಕಿನಲ್ಲೋ ಮುಂಡಗೋಡದ ಕಚೇರಿಯಲ್ಲೋ ಕೆಲಸ ಮಾಡುವವರಿಗೆ ಪೂರ್ತಿ ಸೂಟು ಬೇಕೇ ಬೇಕು ಎಂಬುದನ್ನು ನಾವು ಒಪ್ಪುವುದಿಲ್ಲ.

ವಕೀಲರ ಮಾತು ಬೇರೆ, ಅವರಿಗೆ ಆಯ್ಕೆ ಇಲ್ಲ. ಆದರೂ ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳನ್ನು ಬಿಟ್ಟರೆ ಉಳಿದ ಕಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. 2024ರ ಬೇಸಿಗೆಯಲ್ಲಿ ಕರ್ನಾಟಕ ಹೈಕೋರ್ಟ್ ಜಿಲ್ಲಾ ಮತ್ತು ವಿಚಾರಣಾ ನ್ಯಾಯಾಲಯಗಳ ವಕೀಲರಿಗೆ ಇಂಥ ವಿನಾಯಿತಿ ಕೊಟ್ಟಿತ್ತು. ದಿನವೂ ತೊಡುವವರು ಒಂದೇ ದುಬಾರಿ ಕೋಟಿನ ಬದಲು ಎರಡು ಸಾಧಾರಣ ಕೋಟು ಇಟ್ಟುಕೊಂಡು ದಿನ ಬಿಟ್ಟು ದಿನ ತೊಟ್ಟರೆ ಬೆವರು ಆರಲು ಸಮಯ ಸಿಗುತ್ತದೆ.

ಸಂದರ್ಶನಕ್ಕೆ ಹೊರಟಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿಯಿದೆ. ಒಂದೇ ಅಳತೆಯ ಮೂವರು ಗೆಳೆಯರು ಸೇರಿ ಒಂದು ಬ್ಲೇಜರ್ ಕೊಳ್ಳಬಹುದು, ಅಥವಾ ಕಳೆದ ವರ್ಷ ಕೆಲಸ ಸಿಕ್ಕಿ ಹೋದ ಸೀನಿಯರ್ ಅಣ್ಣನನ್ನೋ ಅಕ್ಕನನ್ನೋ ಕೇಳಬಹುದು. ಭುಜ ಸರಿಯಾಗಿ ಕೂತರೆ ತೋಳು, ಸೊಂಟವನ್ನು ಟೇಲರ್ ಸರಿಮಾಡುತ್ತಾರೆ. ಭುಜ ಕೂರದಿದ್ದರೆ ಎಷ್ಟೇ ಬ್ರಾಂಡ್ ಆದರೂ ಬೇಡ, ಅದನ್ನು ಬಿಚ್ಚಿ ಹೊಲಿಯುವ ಖರ್ಚೇ ದೊಡ್ಡದು. ಹೊಸದು ಕೊಂಡಿದ್ದು ಹೇಳಿದಂತೆ ಇಲ್ಲದಿದ್ದರೆ, ಬಿಲ್ಲು ಮತ್ತು ಗುಳ್ಳೆ ಎದ್ದ ಭಾಗದ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.